ಮುಚ್ಚಳ ಕಳಿಸಿದ ವರ್ಷ

ನಮ್ಮೂರಲ್ಲಿ ಎರವು ಕೊಟ್ಟ ಪಾತ್ರೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಒಯ್ದವರು ಮರೆತು ಕೂತರೆ ಆ ಪಾತ್ರೆಯ ಮುಚ್ಚಳವನ್ನು ಅವರ ಮನೆಗೆ ಕಳಿಸುತ್ತೇವೆ. ಮುಚ್ಚಳ ಕಂಡವರು ನಾಲಿಗೆ ಕಚ್ಚಿಕೊಂಡು, ಪಾತ್ರೆ ಬೆಳಗಿ, ಅದರಲ್ಲಿ ಒಂದು ಹಿಡಿ ಅವಲಕ್ಕಿಯನ್ನೋ ನಾಲ್ಕು ಬದನೆಕಾಯಿಯನ್ನೋ ಹಾಕಿ ತಂದುಕೊಡುತ್ತಾರೆ. ಖಾಲಿ ಪಾತ್ರೆ ತಿರುಗಿ ಬರಬಾರದು. ಮುಚ್ಚಳ ಕಳಿಸುವುದು ಜಗಳವಲ್ಲ, ಹಾಗೆಂದು ಸಣ್ಣ ಸಂಗತಿಯೂ ಅಲ್ಲ. ನನ್ನ ಅವ್ವ ಫಕೀರವ್ವ ತನ್ನ ಜೀವಮಾನದಲ್ಲಿ ಒಂದೇ ಸಲ ಮುಚ್ಚಳ ಕಳಿಸಿದಳು. ಅದು ದೇಶದ ಮುಖ್ಯಸ್ಥರಿಗೆ.

ನುಡಿಯೂ ನಮ್ಮಲ್ಲಿ ಪಾತ್ರೆಯ ಹಾಗೆಯೇ. ಎರವು ಕೊಟ್ಟರೆ ಕೊಟ್ಟವರ ಹತ್ತಿರ ಉಳಿಯುವುದಿಲ್ಲ. ಒಯ್ದವರು ತಂದುಕೊಡುವ ತನಕ ಅದನ್ನು ಹೊಸದಾಗಿ ಕಲಿಯಲೂ ಬರುವುದಿಲ್ಲ, ಎಷ್ಟು ಹೇಳಿಕೊಟ್ಟರೂ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿಹೋಗುತ್ತದೆ. ಊರಿನ ಮುಂದೆ ಹೊಳೆ, ಹೊಳೆಯಾಚೆ ಬೇರೆ ದೇಶ, ಅವರ ನುಡಿ ಬೇರೆ. ನಮ್ಮ ದೇಶದ ಮುಖ್ಯಸ್ಥರು ಅವರ ಮುಖ್ಯಸ್ಥರ ಜೊತೆ ಮಾತಿಗೆ ಕೂತಾಗ ನಡುವೆ ಮೂರನೆಯ ಬಾಯಿ ಇರಬಾರದು ಎಂಬುದು ಎರಡೂ ಕಡೆಯವರು ಹಿಂದೆಂದೋ ಮಾಡಿಕೊಂಡ ಕಟ್ಟಳೆ. ಅದಕ್ಕೆ ಚುನಾವಣೆಯಲ್ಲಿ ಗೆದ್ದವರು ಗಾದಿಗೆ ಏರುವ ಮೊದಲು ನಮ್ಮೂರಿಗೆ ಬಂದು, ಆಚೆ ದಡದಲ್ಲಿ ಹುಟ್ಟಿದ ಯಾರಾದರೊಬ್ಬರ ಮನೆಯಲ್ಲಿ ಮೂರು ದಿನ ಉಂಡು, ಅವರ ನುಡಿಯನ್ನು ಎರವು ಒಯ್ಯುತ್ತಾರೆ. ಗಾದಿ ಇಳಿದ ಮೇಲೆ ತಂದುಕೊಡುತ್ತಾರೆ.

ಒಯ್ದವರೆಲ್ಲ ಒಂದೇ ಥರ ಬಳಸುತ್ತಾರೆಂದು ಹೇಳಲಾಗದು. ನಾನು ಚಿಕ್ಕವನಿದ್ದಾಗ ಒಬ್ಬರು ನಮ್ಮ ಓಣಿಯ ಬಾಳವ್ವನಿಂದ ಒಯ್ದಿದ್ದರು. ಹೋದಲ್ಲೆಲ್ಲ ಮೊದಲ ನಾಲ್ಕು ಮಾತು, ಅಂದರೆ ನಮಸ್ಕಾರ, ಕ್ಷೇಮವೇ, ನಿಮ್ಮ ದೇಶ ಬಲು ಚೆಂದ, ಇಷ್ಟನ್ನು ಆಚೆ ನುಡಿಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿ, ಉಳಿದದ್ದನ್ನು ಬಿಚ್ಚಿಯೂ ನೋಡಲಿಲ್ಲ. ನುಡಿ ತಿರುಗಿ ಬಂದಾಗ ಆ ನಾಲ್ಕು ಮಾತು ಸವೆದು ತೆಳ್ಳಗಾಗಿದ್ದವು, ಉಳಿದವಕ್ಕೆ ಕಿಲುಬು ಹತ್ತಿತ್ತು. ಬಾಳವ್ವ ಆರು ತಿಂಗಳು ತಿಕ್ಕಿದಳು. ಆಮೇಲೂ ಆಚೆಯವರು ಎದುರಾದರೆ ನಮಸ್ಕಾರ ಅನ್ನುವುದೊಂದನ್ನು ಬಿಟ್ಟು ಬೇರೆಲ್ಲ ಹೇಳುತ್ತಿದ್ದಳು.

ಸೋಮನಿಂಗಪ್ಪನವರು ಮೊದಲ ಸಲ ಗೆದ್ದ ವರ್ಷ ಪಾಳಿ ನಮ್ಮ ಮನೆಗೆ ಬಂತು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಗೋಡೆಯ ಮೇಲೆ ಅಕ್ಷರ ಬರೆಯುವ ಕೆಲಸ ಹಿಡಿದಿದ್ದೆ, ಅವ್ವ ಎರಡು ಎಮ್ಮೆ ಕಟ್ಟಿಕೊಂಡು ಹಾಲಿನ ವರ್ತನೆ ನಡೆಸುತ್ತಿದ್ದಳು. ಅವಳು ಆಚೆ ದಡದಿಂದ ಮದುವೆಯಾಗಿ ಬಂದ ಕಾಲಕ್ಕೆ ದೋಣಿಗಳು ದಿನವೂ ಓಡುತ್ತಿದ್ದವಂತೆ. ಆಮೇಲೆ ಎರಡು ದೇಶಗಳ ನಡುವೆ ಏನೋ ಮನಸ್ತಾಪ ಬೆಳೆದು, ವರ್ಷಕ್ಕೆ ಒಂದೇ ದಿನ ದೋಣಿ ಬಿಡುವುದು ಎಂದಾಯಿತು. ಆ ಒಂದು ದಿನ ಅವಳ ಅಕ್ಕ ತೂಲಿ ಬರುತ್ತಿದ್ದಳು. ಬೆಳಿಗ್ಗೆ ಬಂದು ಸಂಜೆಗೆ ಹೊರಡುವುದರೊಳಗೆ ಇಬ್ಬರೂ ವರ್ಷದ ಮಾತು ಮುಗಿಸಬೇಕು.

ಆ ಸಲ ತೂಲಿ ದೊಡ್ಡವ್ವ ತಂದದ್ದು ಅವರ ತಾಯಿ ಸತ್ತ ಸುದ್ದಿ. ಸತ್ತು ಏಳು ತಿಂಗಳಾಗಿತ್ತು. ಅವ್ವ ಅತ್ತಳು, ಉಂಡಳು, ಮತ್ತೆ ಅತ್ತಳು. ಸಂಜೆ ಘಾಟಿನಲ್ಲಿ ದೋಣಿ ಬಿಡುವ ಹೊತ್ತಿಗೆ ದೊಡ್ಡವ್ವ ಒಂದು ಕಾಲು ಹಲಗೆಯ ಮೇಲಿಟ್ಟು, ಏನೋ ನೆನಪಾದವಳಂತೆ ತಿರುಗಿ, "ಅವ್ವ ಕಡೀಗೆ ನಿನ್ನ ಹೆಸರು ಹಿಡದು ಒಂದು ಮಾತಂದಳು" ಎಂದಳಂತೆ. ಅಷ್ಟರಲ್ಲಿ ದೋಣಿಯವನು ಕೊಂಬು ಊದಿದ. ಪೊಲೀಸರು ಜನರನ್ನು ಹಿಂದಕ್ಕೆ ತಳ್ಳಿದರು. ದೊಡ್ಡವ್ವ ಬಾಯಿ ಆಡಿಸಿದ್ದು ಕಂಡಿತು, ಕೇಳಲಿಲ್ಲ. ಮುಂದಿನ ವರ್ಷ ಹೇಳುತ್ತೇನೆಂದು ಕೈ ಮಾಡಿದಳು.

ಅದಾದ ಎರಡು ತಿಂಗಳಿಗೆ ಸೋಮನಿಂಗಪ್ಪನವರು ಬಂದರು. ಹತ್ತಿ ಗಿರಣಿಯಲ್ಲಿ ಗುಮಾಸ್ತರಾಗಿದ್ದು ಮೇಲೆ ಬಂದವರು, ಮೆತ್ತಗಿನ ಮನುಷ್ಯ. ಊರಿನಲ್ಲಿ ಎರವಿನ ಶಾಸ್ತ್ರ ಮಾಡಿಸುವ ಶಿವರುದ್ರಜ್ಜ ಅವರನ್ನು ಕರೆತಂದು ನಮ್ಮ ಪಡಸಾಲೆಯಲ್ಲಿ ಕೂರಿಸಿದ. ಅವ್ವ ಒಲ್ಲೆ ಅನ್ನಬಹುದಿತ್ತು.

"ಅಕ್ಕಾರ, ನಾ ಹೋಗೂದು ದೋಣಿ ಸಲುವಾಗಿ," ಎಂದರು ಸೋಮನಿಂಗಪ್ಪನವರು ಜೋಳದ ರೊಟ್ಟಿ ಮುರಿಯುತ್ತ. "ವರ್ಷಕ್ಕ ಒಂದು ದಿನ ಅಂದ್ರ ಅದೇನು ಬದುಕು. ತಿಂಗಳಿಗೊಮ್ಮೆ ಅರ ಬಿಡಸ್ಬೇಕು ಅಂತ ಐತಿ."

"ನಾಕು ವರ್ಷ ಹೌದಲ್ಲೋ?" ಎಂದು ಅವ್ವ ಶಿವರುದ್ರಜ್ಜನನ್ನು ಕೇಳಿದಳು.

"ನಾಕ. ಕಣ್ಣು ಮುಚ್ಚಿ ತೆಗಿಯೂದ್ರಾಗ ಹೋಗ್ತಾವು."

ಎರವು ಕೊಡುವಾಗ ಒಂದು ಮಾತನ್ನು ಕೊಟ್ಟವರು ಉಳಿಸಿಕೊಳ್ಳಬಹುದು. ಹಾಲಿಗೆ ಹೆಪ್ಪು ಉಳಿಸಿಕೊಂಡ ಹಾಗೆ; ನುಡಿ ತಿರುಗಿ ಬಂದಾಗ ಅದರ ಮೇಲೆ ಮತ್ತೆ ಕೂತುಕೊಳ್ಳಬೇಕಲ್ಲ. ಒಯ್ಯುವವರ ಬೊಗಸೆಗೆ ನೀರು ಬಿಡುತ್ತ, ಚೊಂಬಿನ ಕೊನೆಯ ಹನಿ ಬೀಳುವಾಗ ಯಾವ ಮಾತು ಮನಸ್ಸಿನಲ್ಲಿರುತ್ತದೋ ಅದು ಉಳಿಯುತ್ತದೆ. ಅವ್ವ ಮೂರು ದಿನ ಯೋಚಿಸಿ, ಅಕ್ಕ ಎಂಬುದಕ್ಕೆ ಅವರಲ್ಲಿ ಏನನ್ನುತ್ತಾರೋ ಅದನ್ನು ಉಳಿಸಿಕೊಳ್ಳುವುದೆಂದು ನಿಶ್ಚಯಿಸಿದ್ದಳು. ಮೂರನೆಯ ದಿನ ಬೆಳಿಗ್ಗೆ ಒಲೆಯ ಮುಂದೆಯೇ ಇಬ್ಬರೂ ಎದುರುಬದುರು ಕೂತರು. ಒಲೆಯ ಮೇಲೆ ಅತಿಥಿಗೆಂದು ಹಾಲಿಟ್ಟಿದ್ದಳು. ಚೊಂಬು ಬರಿದಾಗುವ ಹೊತ್ತಿಗೆ ಸರಿಯಾಗಿ ಹಾಲು ಉಕ್ಕಿತು. "ಬುರುಲೆ!" ಎಂದು ಅವ್ವ ಕೂಗಿ, ತವರಿನಿಂದ ಬರುವಾಗ ತಂದಿದ್ದ ತಾಮ್ರದ ಸೌಟನ್ನು ಗೋಡೆಯಿಂದ ಎಳೆದು ಹಾಲಿಗೆ ಇಳಿಬಿಟ್ಟಳು. ಕೊನೆಯ ಹನಿ ಅಷ್ಟರಲ್ಲಿ ಬಿದ್ದಾಗಿತ್ತು.

ಬುರುಲೆ ಅಂದರೆ ಹಾಲುಕ್ಕಿತು ಎಂದು. ಅವ್ವನಿಗೆ ಉಳಿದದ್ದು ಅದೊಂದೇ.

ಮರುವರ್ಷ ದೊಡ್ಡವ್ವ ದೋಣಿ ಇಳಿದು, ದಾರಿಯುದ್ದಕ್ಕೂ ಕಾಯ್ದಿಟ್ಟುಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಸುರಿದಳು. ಅವ್ವ ಅವಳ ಬಾಯಿಯನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ, "ಬುರುಲೆ," ಎಂದಳು. ದೊಡ್ಡವ್ವ ಗಾಬರಿಯಾಗಿ ಸುತ್ತ ನೋಡಿದಳು. ಅಲ್ಲಿ ಒಲೆಯೂ ಇರಲಿಲ್ಲ, ಹಾಲೂ ಇರಲಿಲ್ಲ. ಬಾಳವ್ವ ನಡುವೆ ಬಂದು ಸಂಗತಿ ತಿಳಿಸಿದ ಮೇಲೆ ದೊಡ್ಡವ್ವ ಹಣೆ ಹಣೆ ಬಡಿದುಕೊಂಡಳು. ಆ ಕೊನೆಯ ಮಾತನ್ನು ಬಾಳವ್ವನ ಕೈಯಲ್ಲಿ ಹೇಳಿಸಬಹುದಿತ್ತು. ಬಾಳವ್ವ ತಾನಾಗಿಯೇ ಮುಂದೆ ಬಂದಳು ಕೂಡ.

"ಬ್ಯಾಡ ಬಾಳವ್ವ," ಎಂದಳು ಅವ್ವ. "ಬೇಸರ ಮಾಡ್ಕೋಬ್ಯಾಡ. ನಮ್ಮವ್ವ ಸಾಯುವಾಗ ನನಗ ಅಂದ ಮಾತು. ದೇಶ ದೇಶ ಮಾತಾಡುವಾಗನ ಮೂರನೇ ಬಾಯಿ ಬ್ಯಾಡಂತಾರ, ನನಗ್ಯಾಕ ಬೇಕು? ನಾಕು ವರ್ಷ ತಡೀತೀನಿ."

ಸೋಮನಿಂಗಪ್ಪನವರು ನುಡಿಯನ್ನು ಚೆನ್ನಾಗಿ ಬಳಸಿದರು. ಅದೇ ಕಷ್ಟವಾಯಿತು. ಗಾದಿ ಏರಿದ ಎರಡನೆಯ ವರ್ಷಕ್ಕೆ ದೋಣಿ ಮೂರು ತಿಂಗಳಿಗೊಮ್ಮೆ ಬಿಡುವ ಹಾಗೆ ಮಾಡಿಸಿದರು, ನಾಲ್ಕನೆಯ ವರ್ಷಕ್ಕೆ ತಿಂಗಳಿಗೊಮ್ಮೆ. ಅವರು ಆಚೆ ನುಡಿಯನ್ನು ಓದಿಬರೆದವರ ಹಾಗಲ್ಲ, ಎಮ್ಮೆ ಕಾಯುವವರ ಹಾಗೆ ಮಾತಾಡುತ್ತಾರೆ, ಅದಕ್ಕೇ ಅಲ್ಲಿಯ ಜನ ನಂಬುತ್ತಾರೆ ಎಂದು ಪತ್ರಿಕೆಯಲ್ಲಿ ಬಂತು. ನಾನು ಓದಿ ಹೇಳಿದೆ. "ನನ್ನ ಹಾಂಗ ಅನ್ನು," ಎಂದಳು ಅವ್ವ. ಆ ಹೊತ್ತು ಅವಳಿಗೆ ಸಂತೋಷವಾಗಿತ್ತು. ಚುನಾವಣೆ ಬಂತು. ಊರಿಗೆ ಊರೇ ಸೋಮನಿಂಗಪ್ಪನವರ ಕಡೆ. ಘಾಟಿನ ಗೋಡೆಗಳ ಮೇಲೆ ಅವರ ಹೆಸರನ್ನು ಆಳೆತ್ತರದ ಅಕ್ಷರದಲ್ಲಿ ಬರೆದವನು ನಾನೇ. ಅವ್ವ ಹಾಲಿನ ಕೊಡ ಹೊತ್ತು ಹೋಗುತ್ತ ನಿಂತು ನೋಡಿದಳು.

"ಸೋಲಲಿ ಅಂತ ಬರಿಯಾಕ ಬರಂಗಿಲ್ಲೇನೋ ಮುದಕಪ್ಪ?"

"ಯವ್ವಾ, ಸಣ್ಣಕ ಮಾತಾಡು. ಅವರು ಸೋತ್ರ ದೋಣಿ?"

"ದೋಣಿ ನಿನಗ. ನನಗ ನನ್ನ ಮಾತು."

ಗೆದ್ದರು. ಮತ್ತೆ ನಾಲ್ಕು ವರ್ಷ ಕಳೆದು ಮತ್ತೆ ಗೆದ್ದರು. ಊರಿನ ಮತಪೆಟ್ಟಿಗೆಯಲ್ಲಿ ಎರಡು ಸಲವೂ ಅವರ ವಿರುದ್ಧ ಒಂದೇ ಮತ ಬಿದ್ದಿತ್ತು. ಯಾರದೆಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಅಂಗಡಿಕಟ್ಟೆಯಲ್ಲಿ ಅವ್ವನಿಗೆ ವಿರೋಧ ಪಕ್ಷ ಎಂದು ಹೆಸರಿಟ್ಟರು. "ವಿರೋಧ ಪಕ್ಷದ ಹಾಲು ಇವತ್ತ ನೀರಾಗೇತಲ್ಲ" ಎಂದು ತಮಾಷೆ ಮಾಡುವರು. "ಆಡಳಿತ ಪಕ್ಷದ ಹೊಳೀದ ನೀರು" ಎಂದು ಅವ್ವ ಅಳತೆಯ ಲೋಟ ತುಂಬುವಳು.

ಹೀಗೆ ತಿಂಗಳು ತಿಂಗಳೂ ಹುಣ್ಣಿಮೆಯ ಮರುದಿನ ತೂಲಿ ದೊಡ್ಡವ್ವ ಬರುತ್ತಿದ್ದಳು. ಜಗಲಿಯ ಮೇಲೆ ಅಕ್ಕತಂಗಿ ಕೂತು ಅವರೆಕಾಯಿ ಸುಲಿಯುವರು, ಗೋಧಿ ಹಸನು ಮಾಡುವರು. ದೊಡ್ಡವ್ವ ನಮ್ಮ ನುಡಿಯ ಒಂದಕ್ಷರವನ್ನೂ ಕಲಿಯಲಿಲ್ಲ. ಅವಳ ಹಟ ಅದು; ತಂಗಿಯದು ಬರಲಿ, ಬಂದ ಮೇಲೆ ಮಾತಾಡೋಣ ಎಂದು ಬಾಳವ್ವನ ಹತ್ತಿರ ಹೇಳಿದ್ದಳಂತೆ. ಹೊತ್ತಿಗೊಮ್ಮೆ ಅವ್ವ "ಬುರುಲೆ" ಅನ್ನುವಳು, ದೊಡ್ಡವ್ವ "ಬುರುಲೆ" ಅನ್ನುವಳು. ಬಿಸಿಲಾಯಿತು ಅನ್ನುವುದಕ್ಕೂ ಅದೇ, ಮಂಡಿ ನೋಯುತ್ತದೆ ಅನ್ನುವುದಕ್ಕೂ ಅದೇ, ಇನ್ನು ಹೊರಡುತ್ತೇನೆ ಅನ್ನುವುದಕ್ಕೂ ಅದೇ. ನನಗೆ ಅದು ರೂಢಿಯಾಗಿಬಿಟ್ಟಿತ್ತು. ನಗುವವರು ನಗುತ್ತಿದ್ದರು.

ಹನ್ನೆರಡನೆಯ ವರ್ಷದ ಚಳಿಗಾಲದಲ್ಲಿ ದೊಡ್ಡವ್ವನನ್ನು ದೋಣಿಯಿಂದ ಇಳಿಸಲು ಇಬ್ಬರು ಹಿಡಿಯಬೇಕಾಯಿತು. ಘಾಟಿನಿಂದ ಮನೆಗೆ ಬರುವಷ್ಟರಲ್ಲಿ ನಾಲ್ಕು ಕಡೆ ಕೂತಳು. ಅವ್ವ ಅವಳ ಎದೆ ನೀವುತ್ತ ಏನನ್ನೋ ಕೇಳಬೇಕೆಂದು ಬಾಯಿ ತೆರೆದಳು, ತೆರೆದದ್ದನ್ನು ಮುಚ್ಚಿದಳು. ಆ ದಿನ ಬುರುಲೆ ಎಂದು ಕೂಡ ಇಬ್ಬರೂ ಅನ್ನಲಿಲ್ಲ.

ಅದಾದ ತಿಂಗಳೊಳಗೆ ಸೋಮನಿಂಗಪ್ಪನವರು ನಾಲ್ಕನೆಯ ಸಲ ನಿಲ್ಲುವುದಕ್ಕೆಂದು ಪ್ರಚಾರಕ್ಕೆ ಬಂದರು. ಘಾಟಿನ ಮೆಟ್ಟಿಲ ಮೇಲೆ ಹಲಗೆ ಹಾಕಿ ವೇದಿಕೆ ಮಾಡಿದ್ದೆವು. ಮಧ್ಯಾಹ್ನದ ಬಿಸಿಲು. ಅವರು ದೋಣಿಯ ವಿಷಯ ಮಾತಾಡುತ್ತಿದ್ದಾಗ ಅವ್ವ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದದ್ದು ಕಂಡಿತು. ಸೆರಗಿನಡಿ ಏನೋ ಹಿಡಿದಿದ್ದಳು. ಹಾರ ಇರಬೇಕೆಂದುಕೊಂಡು ಪೊಲೀಸರು ಬಿಟ್ಟರು. ಅವ್ವ ಸೆರಗು ಸರಿಸಿ ಹಾಲಿನ ಗಡಿಗೆಯ ಹಿತ್ತಾಳೆ ಮುಚ್ಚಳ ತೆಗೆದು ಅವರ ಕೈಯಲ್ಲಿಟ್ಟಳು.

ಧ್ವನಿವರ್ಧಕ ಸುಮ್ಮನೆ ಕೊರ್ ಎನ್ನುತ್ತಿತ್ತು. ಸೋಮನಿಂಗಪ್ಪನವರು ಮುಚ್ಚಳವನ್ನು ಮಗುಚಿ ನೋಡಿದರು.

"ಅಕ್ಕಾರ, ಬಾಳ ದಿನ ಇಟ್ಕೊಂಡೆ ಅಲ್ಲ?"

"ಉಪಯೋಗಕ್ಕ ಬಂದಿರಬೇಕು ಬಿಡ್ರಿ," ಎಂದಳು ಅವ್ವ. "ನನಗೂ ಸ್ವಲ್ಪ ಬೇಕಾಗಿತ್ತು."

ಅವರು ಮುಚ್ಚಳವನ್ನು ಕಂಕುಳಲ್ಲಿ ಇಟ್ಟುಕೊಂಡೇ ಭಾಷಣ ಮುಗಿಸಿದರು. ವಾರದ ನಂತರ ಪತ್ರಿಕೆಯಲ್ಲಿ ಬಂತು: ಸೋಮನಿಂಗಪ್ಪನವರು ಈ ಸಲ ಸ್ಪರ್ಧಿಸುವುದಿಲ್ಲ. ಕಾರಣ ಕೊಟ್ಟಿರಲಿಲ್ಲ.

ಶಿವರುದ್ರಜ್ಜ ಕೋಲೂರಿಕೊಂಡು ನಮ್ಮ ಮನೆಗೆ ಬಂದ. ಕೂರಲಿಲ್ಲ.

"ನಾಳೆ ಬಂದವ ಹೆಂಗಿರ್ತಾನೋ ಯಾರಿಗೊತ್ತು. ದೋಣಿ ನಿಂತ್ರ ಯಾರು ಜವಾಬ್ದಾರಿ, ಫಕೀರವ್ವ? ಆಚೆ ಕಡೆ ಹೆಣ್ಣು ಕೊಟ್ಟವರು ಹದಿನೆಂಟು ಮನಿ ಅದಾವು."

"ಗೊತ್ತೈತಿ ಅಜ್ಜಾ."

"ಗೊತ್ತಿದ್ದೂ ಮುಚ್ಚಳ ಕೊಟ್ಟೆಲ್ಲ."

"ನಾಕು ವರ್ಷ ಅಂತ ಅಂದಾವ ನೀನ," ಎಂದಳು ಅವ್ವ. ಜೋರಾಗಿ ಅನ್ನಲಿಲ್ಲ. "ತಿಂಗಳಾ ಬರ್ತಾಳ. ತಿಂಗಳಾ ಹಾಲುಕ್ಕಿತು ಅಂತೇವಿ. ಹೋಗ್ತಾಳ. ಅಕಿ ಹಾಂಗ ಸತ್ತಳಂದ್ರ ನಮ್ಮವ್ವ ಏನಂದಳು ಅನ್ನೂದು ಅಕಿ ಕೂಡ ಹೋಗ್ತೈತಿ. ಆಮೇಲೆ ನುಡಿ ತಂದು ಕೊಟ್ರ ಯಾರ ಕೂಡ ಆಡಲಿ, ಎಮ್ಮಿ ಕೂಡ?"

ಅಜ್ಜ ಎಮ್ಮೆಯನ್ನೊಮ್ಮೆ ನೋಡಿ ಹೊರಟುಹೋದ. ನಾನು ಕೂಡ ಅವ್ವನ ಜೊತೆ ಮೂರು ದಿನ ಮಾತಾಡಲಿಲ್ಲ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಹಾಲಿನ ವರ್ತನೆಯವರಲ್ಲಿ ಐದು ಮನೆಯವರು ಬಿಟ್ಟರು. ನಾನು ಸುಣ್ಣದ ಬಕೀಟು ತೆಗೆದುಕೊಂಡು ಹೋಗಿ ಗೋಡೆಗಳ ಮೇಲಿನ ಹೆಸರನ್ನು ನಾನೇ ಒರೆಸಿದೆ. ಎಂಟು ವರ್ಷದ ಬಣ್ಣ. ಎರಡು ಕೈ ಸುಣ್ಣ ಹೊಡೆದರೂ ಅಕ್ಷರಗಳು ನೆರಳಿನ ಹಾಗೆ ಕಾಣುತ್ತಿದ್ದವು.

ಚುನಾವಣೆ ಮುಗಿಯಿತು. ಬೇರೊಬ್ಬರು ಗೆದ್ದು, ಬಾಳವ್ವನ ನುಡಿಯನ್ನೇ ಮತ್ತೆ ಎರವು ಒಯ್ದರು. ಈ ಸಲ ಎಲ್ಲವನ್ನೂ ಬಳಸಬೇಕು ಎಂದು ಬಾಳವ್ವ ಅವರಿಂದ ಆಣೆ ಮಾಡಿಸಿಕೊಂಡಳು. ಮುಂದಿನ ಹುಣ್ಣಿಮೆಯ ಮರುದಿನ ಊರಿನವರೆಲ್ಲ ಘಾಟಿನಲ್ಲಿ ನಿಂತಿದ್ದೆವು. ದೋಣಿ ಬಂತು. ಸೋಮನಿಂಗಪ್ಪನವರು ದೋಣಿಯ ಕರಾರನ್ನು ಎರಡೂ ಕಡೆಯ ಮೊಹರು ಹಾಕಿಸಿ ಕಾಗದದಲ್ಲಿ ಬರೆಸಿಟ್ಟಿದ್ದರಂತೆ, ಮನುಷ್ಯ ಬದಲಾದರೂ ಅದು ಬದಲಾಗದ ಹಾಗೆ. ಬಿಟ್ಟ ಐದು ಮನೆಯಲ್ಲಿ ಮೂರು ಮನೆಯವರು ಮರುದಿನ ಲೋಟ ಹಿಡಿದು ಬಂದರು. ಆದರೆ ಆ ದೋಣಿಯಲ್ಲಿ ದೊಡ್ಡವ್ವ ಇರಲಿಲ್ಲ. ಮೈಯಲ್ಲಿ ಹುಷಾರಿಲ್ಲ, ಮುಂದಿನ ತಿಂಗಳು ನೋಡೋಣ ಎಂದು ದೋಣಿಯವನ ಕೈಯಲ್ಲಿ ಹೇಳಿ ಕಳಿಸಿದ್ದಳು. ಅವ್ವ ಕೇಳಿಸಿಕೊಂಡು, ಅವಳಿಗೆಂದು ಮಾಡಿದ್ದ ಹೋಳಿಗೆಯನ್ನು ದೋಣಿಯವನಿಗೇ ಕಟ್ಟಿಕೊಟ್ಟಳು.

ಆ ವಾರವೇ ಸೋಮನಿಂಗಪ್ಪನವರು ಬಂದರು. ಕಾರಿಲ್ಲ, ಪೊಲೀಸರಿಲ್ಲ, ಬಸ್ಸಿನಿಂದಿಳಿದು, ಮುಚ್ಚಳವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಡೆದು ಬಂದರು. ಮತ್ತೆ ಮೂರು ದಿನ ಉಂಡರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವ್ವ ಬಡಿಸುತ್ತ, ತಾನು ಮಾಡಿದ್ದು ತಪ್ಪೇ ಎಂದು ಕೇಳಿದಳು.

"ತಪ್ಪೇನು ಬಂತು. ನನಗೂ ಮರತಿತ್ತು, ಇದು ನಂದಲ್ಲ ಅನ್ನೂದು," ಎಂದರು ಅವರು. "ಆದ್ರ ಅಕ್ಕಾರ, ನಿಮ್ಮದು ಒಂದು ಮಾತು ನನ್ನ ಹತ್ರ ಇರಲೇ ಇಲ್ಲ. ಎರಡನೇ ವರ್ಷ, ದೋಣಿ ಮಾತಿಗೆ ಅವರ ಮುಖ್ಯಸ್ಥರ ಮನೀಗೆ ಹೋಗಿದ್ದೆ. ಮೂರು ದಿನದಿಂದ ಒಲ್ಲೆ ಒಲ್ಲೆ ಅಂತಿದ್ದ ಆ ಮನಷ್ಯಾ. ಅಡಗಿ ಮನಿ ಬಾಗಲಾ ತೆರದಿತ್ತು. ಒಲಿ ಮ್ಯಾಲ ಹಾಲು ಏರಾಕತ್ತಿದ್ದು ನನಗ ಕಾಣ್ತಿತ್ತು, ಅವರಿಗೆ ಬೆನ್ನು. ಹೇಳ್ಬೇಕಂದ್ರ ಬಾಯಿಗೆ ಏನೂ ಬರವಲ್ದು. ಎದ್ದು ಓಡಿ, ಬರಿಗೈಲೆ ಇಳಿಸಿಬಿಟ್ಟೆ." ಬಲಗೈಯ ಎರಡು ಬೆರಳು ತೋರಿಸಿದರು, ತುದಿಯಲ್ಲಿ ಚರ್ಮ ನುಣ್ಣಗಿತ್ತು. "ಅವರ ಹೆಂಡ್ತಿ ಬೆಣ್ಣಿ ಹಚ್ಚಿದರು. ಆ ಮನಷ್ಯಾ ನಕ್ಕೋತ ಬಂದು ನನ್ನ ಬಾಜೂ ಕುಂತ. ಆಮೇಲೆ ಮಾತು ಮುಂದ ಹೋತು."

ಅವ್ವ ಆ ಬೆರಳುಗಳನ್ನು ನೋಡಿ, "ಇನ್ನೊಂದು ರೊಟ್ಟಿ ಹಾಕ್ಲಿ?" ಎಂದಳು.

ಮೂರನೆಯ ದಿನ ಈ ಸಲ ಒಲೆ ಆರಿಸಿಯೇ ಕೂತರು. ಅವರು ನೀರು ಬಿಟ್ಟರು, ಅವ್ವ ಬೊಗಸೆ ಹಿಡಿದಳು. ಎದ್ದವಳು ಯಾರ ಮುಖವನ್ನೂ ನೋಡದೆ ನೇರ ಕೊಟ್ಟಿಗೆಗೆ ಹೋಗಿ ಎಮ್ಮೆಯ ಕಿವಿಯ ಹತ್ತಿರ ಏನೋ ಉದ್ದಕ್ಕೆ ಹೇಳಿದಳು. ಎಮ್ಮೆ ಬಾಲ ಬೀಸಿತು. "ಖಾಲಿ ತಂದಿಲ್ಲ ಅಕ್ಕಾರ," ಎಂದು ಸೋಮನಿಂಗಪ್ಪನವರು ಬಾಗಿಲಲ್ಲಿ ನಿಂತು ಹೇಳಿದರು. ನಿಜ. ಗಡಿ ಸುಂಕ, ಉಭಯ ಸಮ್ಮತಿ, ಪರಿಶೀಲನೆಯಲ್ಲಿದೆ, ಇಂಥ ಮಾತುಗಳು ಅವಳ ನುಡಿಯಲ್ಲಿ ಬಂದು ಸೇರಿದ್ದವು. ಹಿಂಡಿ ಕೇಳುವ ಎಮ್ಮೆಗೆ ಆಚೆ ನುಡಿಯಲ್ಲಿ ಏನೋ ಅಂದು ತಾನೇ ನಗುವಳು. ಏನಂದೆ ಎಂದರೆ, "ಪರಿಶೀಲನೆದಾಗ ಐತಿ ಅಂದೆ" ಎನ್ನುವಳು. ಹೀಗೆ ನಗುತ್ತಲೇ ದಿನ ಎಣಿಸುತ್ತಿದ್ದಳು.

ಹುಣ್ಣಿಮೆಯ ಮರುದಿನ ಬೆಳಿಗ್ಗೆ ಅವಳು ಘಾಟಿಗೆ ನನ್ನನ್ನು ಕಳಿಸಿ ತಾನು ಮನೆಯಲ್ಲೇ ಉಳಿದಳು. ಒಲೆ ಹೊತ್ತಿಸಿಡುತ್ತೇನೆ ಎಂದಳು. ದೋಣಿಯಲ್ಲಿ ದೊಡ್ಡವ್ವ ಇದ್ದಳು. ಕಂಬಳಿ ಹೊದ್ದು ಹಲಗೆಗೆ ಒರಗಿದ್ದಳು, ನನ್ನನ್ನು ಕಂಡು "ಬುರುಲೆ" ಎಂದಳು. ಎತ್ತಿಕೊಂಡೇ ಬಂದೆ, ಒಣ ಸೌದೆಯ ಹೊರೆಯಷ್ಟೂ ಭಾರವಿರಲಿಲ್ಲ. ಅಡಿಗೆಮನೆಯಲ್ಲಿ ಒಲೆಯ ಬೆಚ್ಚಗೆ ಕೂರಿಸಿದೆ. ಅವ್ವ ಹಾಲಿಟ್ಟು, ಎದುರಿಗೆ ಕೂತು, ಒಂದು ವಾಕ್ಯ ಹೇಳಿದಳು. ದೊಡ್ಡವ್ವನ ಕೈ ಕಂಬಳಿಯಿಂದ ಹೊರಗೆ ಬಂತು. ಅವ್ವ ಇನ್ನೊಂದು ವಾಕ್ಯ ಹೇಳಿದಳು. ಆಮೇಲೆ ದೊಡ್ಡವ್ವ ಶುರುಮಾಡಿದಳು.

ನನಗೆ ಒಂದಕ್ಷರವೂ ಗೊತ್ತಾಗದು. ದೊಡ್ಡವ್ವ ನಿಧಾನವಾಗಿ, ನಡುನಡುವೆ ಉಸಿರು ತೆಗೆದುಕೊಂಡು ಹೇಳುತ್ತಿದ್ದಳು. ಅವ್ವ ನೆಲ ನೋಡುತ್ತ ಕೇಳುತ್ತಿದ್ದಳು. ಇನ್ನೇನು ಅಳುತ್ತಾಳೆ ಎಂದು ನಾನು ಗೋಡೆಗೆ ಆತು ನಿಂತೆ. ಅವ್ವ ತಲೆ ಎತ್ತಿದಾಗ ಅವಳ ಮುಖ ನಾನೆಂದೂ ಕಾಣದ ಹಾಗೆ, ಬೈಸಿಕೊಂಡ ಹುಡುಗಿಯ ಹಾಗೆ ಇತ್ತು. ನನ್ನ ಕಡೆ ತಿರುಗಿ ನಮ್ಮ ನುಡಿಯಲ್ಲಿ ಹೇಳಿದಳು:

"ಕೇಳೋ ಮುದಕಪ್ಪ. ನಮ್ಮವ್ವ ಸಾಯುವಾಗ ಅಂದಳಂತ, ಎರವು ಒಯ್ದ ಸೌಟು ಇನ್ನೂ ತರಲಿಲ್ಲ ಅಕಿ, ಅಂತ. ನನಗ ಅದು ಅಕಿ ಕೊಟ್ಟಿದ್ದು. ಎರವಲ್ಲ."

ಎರವೇ, ಎಂದಿರಬೇಕು ದೊಡ್ಡವ್ವ, ಯಾಕೆಂದರೆ ಅವ್ವ ಸರಕ್ಕನೆ ಅವಳತ್ತ ತಿರುಗಿದಳು. ಅಲ್ಲಿಂದ ಜಗಳ. ಅಷ್ಟು ಹೊತ್ತು ಉಸಿರಿಗೆ ಒದ್ದಾಡುತ್ತಿದ್ದ ಮುದುಕಿಗೆ ಎಲ್ಲಿಂದ ಬಂತೋ ದನಿ. ಅವ್ವ ಬೆರಳು ಮಡಿಸಿ ಏನನ್ನೋ ಎಣಿಸಿದಳು, ದೊಡ್ಡವ್ವ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನಡುವೆ ಸೋಮನಿಂಗಪ್ಪನವರು ಹಾಕಿಕೊಟ್ಟ ಮಾತುಗಳೂ ಬಂದಿರಬೇಕು, ದೊಡ್ಡವ್ವ ಬೆಪ್ಪಾಗಿ ಬಾಯಿ ತೆರೆದು ಆಮೇಲೆ ಇನ್ನೂ ಜೋರಾದಳು. ಹನ್ನೆರಡು ವರ್ಷದ ಜಗಳ, ಅದರ ಹಿಂದಿನದೂ ಸೇರಿ.

ಹಾಲು ಏರತೊಡಗಿತು. ಇಬ್ಬರಿಗೂ ಎದುರಿಗೇ ಇತ್ತು, ಇಬ್ಬರೂ ನೋಡಲಿಲ್ಲ.

"ಬುರುಲೆ," ಎಂದೆ ನಾನು. ಆಚೆ ನುಡಿಯಲ್ಲಿ ನನಗೆ ಗೊತ್ತಿದ್ದದ್ದು ಅದೊಂದೇ. ಯಾರೂ ತಿರುಗಲಿಲ್ಲ.

ಕೈಗೆ ಸಿಕ್ಕದ್ದನ್ನು ಗೋಡೆಯಿಂದ ಎಳೆದು ಹಾಲಿಗೆ ಇಳಿಬಿಟ್ಟು ತಿರುವಿದೆ. ನೊರೆ ಕುಸಿಯಿತು. ಆಮೇಲೆ ಮನೆಯಲ್ಲಿ ದನಿಯೇ ಇಲ್ಲದ್ದು ಗೊತ್ತಾಗಿ ನೋಡಿದರೆ, ಇಬ್ಬರೂ ನನ್ನ ಕೈಯಲ್ಲಿದ್ದ ತಾಮ್ರದ ಸೌಟನ್ನು ನೋಡುತ್ತಿದ್ದರು.

ಸಂಜೆ ದೋಣಿಗೆ ಹೊರಡುವ ಮುಂಚೆ ಅವ್ವ ಆ ಸೌಟನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿದಳು. ಅದರ ಗುಣಿಯಲ್ಲಿ ಒಂದು ಉಂಡೆ ಬೆಲ್ಲ ಇಟ್ಟು, ಅಕ್ಕನ ಕೈಯಲ್ಲಿ ಕೊಟ್ಟಳು.